ಮುಖ ನೋಡಿ ಸುಡುವ ಬೆಳಕು

ವಿಜ್ಞಾನ ಕಥೆಯ ಸಿನಿಮಾಗಳಲ್ಲಿ ಬರುವ ಬೆಳಕಿನ ಬಂದೂಕಿಗೆ ಒಂದು ವಿಶೇಷ ಗುಣವಿದೆ. ಅದಕ್ಕೆ ಜನರ ಗುರುತು ಹತ್ತುತ್ತದೆ. ಎದುರಿಗೆ ನಿಂತವರು ಯಾರು, ಅವರಿಗೆ ಕಥೆಯಲ್ಲಿ ಹೆಸರಿದೆಯೋ ಇಲ್ಲವೋ, ಮುಂದಿನ ಭಾಗಕ್ಕೆ ಅವರು ಬೇಕೋ ಬೇಡವೋ ಎಂಬುದನ್ನೆಲ್ಲ ವಿಚಾರಿಸಿಕೊಂಡೇ ಅದು ನಳಿಗೆಯಿಂದ ಹೊರಡುತ್ತದೆ. ಹೆಸರಿಲ್ಲದ ಸಿಪಾಯಿಯಾದರೆ ಒಂದೇ ಏಟಿಗೆ ಆಸಾಮಿ ನೆಲಕ್ಕೆ. ನಾಯಕನ ಗೆಳೆಯನಾದರೆ ಭುಜಕ್ಕೆ ತಗುಲುತ್ತದೆ. ನಾಯಕನೇ ಆದರೆ ಅವನ ಕಿವಿಯ ಪಕ್ಕದ ಗೋಡೆಗೆ ಬಡಿದು, ನಾಲ್ಕು ಕಿಡಿ ಹಾರಿಸಿ ಸುಮ್ಮನಾಗುತ್ತದೆ. ಮುಖ ನೋಡಿ ಮಣೆ ಹಾಕುವವರನ್ನು ನಾವು ಮದುವೆಮನೆಗಳಲ್ಲಿ ಬೇಕಾದಷ್ಟು ಕಂಡಿದ್ದೇವೆ. ಮುಖ ನೋಡಿ ಸುಡುವ ಬೆಂಕಿಯನ್ನು ನಾನು ಕಂಡದ್ದು ಈ ಸಿನಿಮಾಗಳಲ್ಲೇ.

ಇಂಥ ಚಿತ್ರಗಳೆಲ್ಲ ಗಂಡುಹುಡುಗರಿಗೆ, ಹೆಂಗಸರಿಗೆ ಅದರಲ್ಲೇನಿದೆ ಎಂಬ ಮಾತು ನಮ್ಮ ಮನೆಗಳಲ್ಲಿ ಚಾಲ್ತಿಯಲ್ಲಿದೆ. ಹುಡುಗರು ಹಜಾರದಲ್ಲಿ ಕಾಲು ಚಾಚಿ ಮೊದಲಿನಿಂದ ಕೊನೆಯವರೆಗೂ ನೋಡುತ್ತಾರೆ. ನಾವು ಸೌಟು ಹಿಡಿದು ಬಾಗಿಲಲ್ಲಿ ನಿಂತು ಐದು ನಿಮಿಷ, ಒಗ್ಗರಣೆ ಹಾಕಿ ಬಂದು ಮತ್ತೆ ಹತ್ತು ನಿಮಿಷ, ಹೀಗೆ ತುಂಡು ತುಂಡಾಗಿ ನೋಡುತ್ತೇವೆ. ಆದರೆ ಹೀಗೆ ನೋಡುವುದರಿಂದ ಒಂದು ಲಾಭವಿದೆ. ಕಥೆಯ ಓಟ ನಮ್ಮನ್ನು ಎಳೆದುಕೊಂಡು ಹೋಗುವುದಿಲ್ಲವಾದ್ದರಿಂದ ಬಂದೂಕು ಹಿಂದಿನ ತುಂಡಿನಲ್ಲಿ ಏನು ಮಾಡಿತು, ಈ ತುಂಡಿನಲ್ಲಿ ಏನು ಮಾಡುತ್ತಿದೆ ಎಂಬುದು ನಮ್ಮ ಕಣ್ಣಿಗೆ ಬೇಗ ಬೀಳುತ್ತದೆ. "ಆಗಲೇ ಅವನಿಗೆ ತಗುಲಿದಾಗ ಸತ್ತನಲ್ಲ, ಇವನು ಯಾಕೆ ಸಾಯಲಿಲ್ಲ?" ಎಂದು ಕೇಳುವವರು ಸಾಮಾನ್ಯವಾಗಿ ಬಾಗಿಲಲ್ಲಿ ನಿಂತವರೇ. ಹಜಾರದಲ್ಲಿ ಕುಳಿತವರು ಆ ಪ್ರಶ್ನೆ ಕೇಳುವುದಿಲ್ಲ. ನಮ್ಮ ಪ್ರಶ್ನೆಗೆ "ಶ್‌" ಎನ್ನುತ್ತಾರೆ.

ಉದಾಹರಣೆಗೆ 1977ರಲ್ಲಿ ಬಂದ ಜಾರ್ಜ್ ಲೂಕಾಸ್‌ನ 'ಸ್ಟಾರ್ ವಾರ್ಸ್‌'ನ ಆರಂಭವನ್ನೇ ನೋಡಿ. ರಾಜಕುಮಾರಿ ಲೇಯಾಳ ಹಡಗಿನೊಳಕ್ಕೆ ಬಿಳಿ ಕವಚ ತೊಟ್ಟ ಸಿಪಾಯಿಗಳು ನುಗ್ಗುತ್ತಾರೆ. ಕೆಂಪು ಬೆಳಕಿನ ತುಣುಕುಗಳು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ. ಎರಡೂ ಕಡೆ ಜನ ಸಾಲಾಗಿ ಬೀಳುತ್ತಾರೆ. ಲೇಯಾ ಮೂಲೆಯಲ್ಲಿ ಅಡಗಿ ನಿಂತು ತಾನೂ ಒಬ್ಬ ಸಿಪಾಯಿಯನ್ನು ಹೊಡೆಯುತ್ತಾಳೆ. ಅವನು ಒಂದೇ ಏಟಿಗೆ ಸಾಯುತ್ತಾನೆ. ಅವರು ತಿರುಗಿ ಅವಳಿಗೆ ಹೊಡೆದಾಗ ಮಾತ್ರ ನಳಿಗೆಯಿಂದ ಹೊರಡುವುದು ಕೆಂಪು ತುಣುಕಲ್ಲ, ಬಳೆಯಂತೆ ದುಂಡಗಿನ ನೀಲಿ ಉಂಗುರಗಳು. ಅವಳು ಮೂರ್ಛೆ ಹೋಗುತ್ತಾಳೆ, ಅಷ್ಟೆ. ಬಂದೂಕನ್ನು ಮೂರ್ಛೆಯ ಮಟ್ಟಕ್ಕೆ ಇಡಿ ಎಂದು ಒಬ್ಬ ಸಿಪಾಯಿ ಹೇಳಿಯೇ ಹೊಡೆಯುವುದರಿಂದ ಇದರಲ್ಲಿ ತಪ್ಪೇನೂ ಇಲ್ಲ. ಅವಳನ್ನು ಜೀವಸಹಿತ ಹಿಡಿಯಬೇಕಿತ್ತು, ಹಿಡಿದರು.

ನನ್ನ ತಕರಾರು ಇರುವುದು ಇದರ ನಂತರ. ಅಷ್ಟು ಸುಂದರವಾದ, ಅಷ್ಟು ಉಪಯೋಗಕ್ಕೆ ಬರುವ ಆ ನೀಲಿ ಬಳೆ ಇಡೀ ಚಿತ್ರದಲ್ಲಿ ಮತ್ತೆ ಕಾಣಿಸುವುದೇ ಇಲ್ಲ. ಲೇಯಾಳನ್ನು ಬಿಡಿಸಲು ಹೋದ ಲೂಕ್ ಮತ್ತು ಹಾನ್ ಸೋಲೋ ಆ ಬಿಳಿ ಸಿಪಾಯಿಗಳದೇ ಕವಚ ತೊಟ್ಟು, ಅವರದೇ ಬಂದೂಕು ಹಿಡಿದು ಹೋಗುತ್ತಾರೆ. ಅಂದರೆ ಕೊಲ್ಲದೆ ಕೆಲಸ ಮುಗಿಸುವ ಉಪಾಯ ಅವರ ಕೈಯಲ್ಲೇ ಇದೆ. ಸೆರೆಮನೆಯ ಕಾವಲುಗಾರರನ್ನು ಮೂರ್ಛೆಗೊಳಿಸಿ ಮಲಗಿಸಿದ್ದರೆ ಆಗುತ್ತಿತ್ತು. ಹಾಗೆ ಮಾಡಬಹುದೆಂಬ ಯೋಚನೆ ಒಳ್ಳೆಯವರ ಪಕ್ಷದ ಯಾರೊಬ್ಬರಿಗೂ ಬರುವುದಿಲ್ಲ. ಕಥೆ ಬರೆದವರಿಗೂ ಬಂದಿಲ್ಲ. ಒಬ್ಬಳು ರಾಜಕುಮಾರಿಗೆಂದು ಮಾಡಿಸಿದ ಒಡವೆಯಂತೆ ಅದು ಒಮ್ಮೆ ಹೊರಬಂದು ಮತ್ತೆ ಪೆಟ್ಟಿಗೆ ಸೇರಿತು.

ನನ್ನ ತಂಗಿಯ ಮಗನೊಬ್ಬನಿದ್ದಾನೆ. ಈ ಚಿತ್ರಗಳ ವಕೀಲಿ ಅವನದು. "ಅದು ಸಿನಿಮಾ, ದೊಡ್ಡಮ್ಮ. ಇದಕ್ಕೆಲ್ಲ ಲಾಜಿಕ್ ಹುಡುಕಬಾರದು" ಎನ್ನುತ್ತಾನೆ. ಮರುಕ್ಷಣವೇ ಯಾವ ಬಂದೂಕಿಗೆ ಎಷ್ಟು ಶಕ್ತಿ ಎಂದು ಒಂದು ಗಂಟೆ ಲಾಜಿಕ್ ಹೇಳುತ್ತಾನೆ.

ವಿಜ್ಞಾನದ ತಪ್ಪುಗಳನ್ನು ಹುಡುಕುವುದು ನನ್ನ ಉದ್ದೇಶವಲ್ಲ. ಹುಡುಕಲು ಹೋದರೆ ಬೇಕಾದಷ್ಟು ಸಿಗುತ್ತವೆ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಹೋಗುತ್ತದೆ. ಸಿನಿಮಾದ ಬೆಳಕಿನ ತುಣುಕೋ, ಕಣ್ಣಿನಿಂದ ಹಿಂಬಾಲಿಸುವಷ್ಟು ನಿಧಾನ. ನಿಜವಾದ ಬಂದೂಕಿನ ಗುಂಡು ಅದನ್ನು ಹಿಂದೆ ಹಾಕುತ್ತದೆ. ಮೇಷ್ಟರು ಗೋಡೆಯ ನಕ್ಷೆ ತೋರಿಸಲು ಹಿಡಿಯುವ ಲೇಸರ್ ಕಡ್ಡಿಯನ್ನು ನೀವು ನೋಡಿರಬಹುದು. ಗೋಡೆಯ ಮೇಲೆ ಕೆಂಪು ಚುಕ್ಕೆ ಕಾಣುತ್ತದೆಯೇ ಹೊರತು ನಡುವಿನ ಗಾಳಿಯಲ್ಲಿ ಗೆರೆ ಕಾಣುವುದಿಲ್ಲ. ಹೊಗೆಯೋ ದೂಳೋ ಇದ್ದರೆ ಮಾತ್ರ ಕಂಡೀತು. ಗಾಳಿಯೇ ಇಲ್ಲದ ಆಕಾಶದಲ್ಲಿ ಸದ್ದಂತೂ ಆಗುವಂತಿಲ್ಲ. ಇವೆಲ್ಲವನ್ನೂ ನಾನು ಸಂತೋಷವಾಗಿ ಬಿಟ್ಟುಕೊಡುತ್ತೇನೆ. ಚೌಕಾಬಾರದಲ್ಲಿ ಕಟ್ಟೆಮನೆಯ ಕಾಯಿಯನ್ನು ಕಡಿಯಬಾರದು ಎನ್ನುವುದಕ್ಕೆ ಲೋಕದಲ್ಲಿ ಯಾವ ಕಾರಣವಿದೆ? ಯಾವುದೂ ಇಲ್ಲ. ಅದು ಆಟದ ನಿಯಮ, ಒಪ್ಪಿಕೊಂಡು ಕೂರುತ್ತೇವೆ. ಆದರೆ ನಾದಿನಿಯ ಕಾಯಿಗೆ ಒಂದು ನಿಯಮ, ಸೊಸೆಯ ಕಾಯಿಗೆ ಇನ್ನೊಂದು ಎಂದರೆ ಯಾರು ಆಡುತ್ತಾರೆ?

ಈ ಬೆಳಕು ಹೀಗೇಕೆ ನಡೆದುಕೊಳ್ಳುತ್ತದೆ ಎಂಬುದಕ್ಕೆ ಅದು ಹುಟ್ಟುವ ರೀತಿಯಲ್ಲೇ ಸ್ವಲ್ಪ ಉತ್ತರವಿದೆ. ಚಿತ್ರ ತೆಗೆಯುವಾಗ ಅಲ್ಲಿ ಬೆಳಕೇ ಇರಲಿಲ್ಲ. ನಟರ ಕೈಗೆ ಕೊಟ್ಟದ್ದು ಹಳೆಯ ಯುದ್ಧದ ಬಂದೂಕುಗಳಿಗೆ ಅಷ್ಟಿಷ್ಟು ತಗಡು, ಕೊಳವೆ ಜೋಡಿಸಿ ವೇಷ ಕಟ್ಟಿದ ಸಾಮಾನು. ಹಾನ್ ಸೋಲೋನ ಪಿಸ್ತೂಲಿನ ಒಡಲು ಜರ್ಮನಿಯ ಮೌಸರ್; ಬಿಳಿ ಸಿಪಾಯಿಗಳದು ಬ್ರಿಟನ್ನಿನ ಸ್ಟರ್ಲಿಂಗ್. ಗುಂಡಿಲ್ಲದ ಬರೀ ಮದ್ದಿನ ತೋಟಾ ಹಾಕಿ ಢಂ ಎನ್ನಿಸುತ್ತಿದ್ದರು. ಬೀಳಬೇಕಾದವರು ಬೀಳುತ್ತಿದ್ದರು. ಬೆಳಕಿನ ಗೆರೆಯನ್ನು ಆಮೇಲೆ, ಒಂದೊಂದೇ ಚೌಕಟ್ಟಿನ ಮೇಲೆ ಕಲಾವಿದರು ಕೂತು ಬರೆದರು. ಸದ್ದಂತೂ ಇನ್ನೂ ಆಮೇಲೆ: ಬೆನ್ ಬರ್ಟ್ ಎಂಬಾತ ರೇಡಿಯೋ ಗೋಪುರವನ್ನು ಬಿಗಿದು ನಿಲ್ಲಿಸುವ ತಂತಿಗೆ ಸುತ್ತಿಗೆಯಿಂದ ಬಡಿದು, ಆ ಸದ್ದನ್ನು ಹಿಡಿದಿಟ್ಟುಕೊಂಡು ಬಂದೂಕಿನ ಸದ್ದು ಮಾಡಿದ. ಹಾಗಾಗಿ ಇಲ್ಲಿ ಏಟು ಬಿದ್ದು ಮನುಷ್ಯ ಬೀಳುವುದಿಲ್ಲ. ಮನುಷ್ಯ ಬಿದ್ದಾದ ಮೇಲೆ ಏಟು ಬರುತ್ತದೆ. ಜಾತಕ ಬರೆಯುವ ಮೊದಲೇ ಮದುವೆ ನಿಶ್ಚಯವಾದಂತೆ. ಇಷ್ಟು ಚಂದದ ಕೈಕೆಲಸವನ್ನು ನಾನು ಮೆಚ್ಚುತ್ತೇನೆ. ಆದರೆ ಕೈಕೆಲಸದವರು ಗೆರೆ ಎಳೆಯುವ ಹೊತ್ತಿಗೆ ಯಾರು ಸಾಯಬೇಕು ಎಂಬುದು ತೀರ್ಮಾನವಾಗಿಬಿಟ್ಟಿರುತ್ತದೆ ಎಂಬುದನ್ನು ನೆನಪಿಡಿ.

ಅದೇ ಚಿತ್ರದಲ್ಲಿ ಎಲ್ಲರೂ ಕಸದ ಕೋಣೆಗೆ ಬೀಳುವ ಸನ್ನಿವೇಶವಿದೆ. ಲೇಯಾ ಬಂದೂಕಿನಿಂದ ಗೋಡೆಯ ಜಾಲರಿಯನ್ನು ಸುಟ್ಟು ತೂತು ಮಾಡುತ್ತಾಳೆ, ಎಲ್ಲರೂ ಅದರೊಳಗೆ ಜಾರುತ್ತಾರೆ. ಕೆಳಗೆ ಬಿದ್ದ ಮೇಲೆ ಹಾನ್ ಬಾಗಿಲಿಗೆ ಗುಂಡು ಹಾರಿಸಿದರೆ ಆ ಬೆಳಕು ಚೆಂಡಿನಂತೆ ಪುಟಿದು ಆ ಗೋಡೆಗೆ, ಈ ಗೋಡೆಗೆ ಬಡಿದು ಸುತ್ತುತ್ತದೆ. ಇಕ್ಕಟ್ಟಾದ ಕೋಣೆ, ಒಳಗೆ ನಾಲ್ಕು ಜನ. ಯಾರಿಗೂ ತಾಗುವುದಿಲ್ಲ. ಬಾಗಿಲಿಗೆ ಅಯಸ್ಕಾಂತದ ಬಿಗಿತವಿದೆ ಎಂದು ಲೂಕ್ ಕಾರಣ ಕೊಡುತ್ತಾನೆ. ಪುಟಿದದ್ದಕ್ಕೆ ಅದು ಕಾರಣ, ಸರಿ, ತಾಗದೇ ಇದ್ದದ್ದಕ್ಕೆ? ನಾಲ್ವರಿಗೂ ಕಥೆಯಲ್ಲಿ ಹೆಸರಿದೆ. ಇನ್ನು ಸಿಪಾಯಿಗಳ ಆ ಬಿಳಿ ಕವಚ. ಅಡಿಯಿಂದ ಮುಡಿಯವರೆಗೆ ತೊಟ್ಟುಕೊಂಡಿದ್ದರೂ ಅದು ಒಂದು ಏಟನ್ನೂ ತಡೆಯುವುದಿಲ್ಲ. 1983ರ 'ರಿಟರ್ನ್ ಆಫ್ ದಿ ಜೆಡೈ'ನಲ್ಲಿ ಕವಚವಿಲ್ಲದ ಲೇಯಾಳ ತೋಳಿಗೆ ಅದೇ ಬೆಳಕು ಬಡಿದರೆ ಅವಳು ಒಂದಿಷ್ಟು ಮುಖ ಸಿಂಡರಿಸಿ, ಹಾನ್‌ನ ಕಡೆ ನೋಡಿ ಮುಗುಳ್ನಕ್ಕು, ಎದುರಿಗೆ ಬಂದ ಇಬ್ಬರನ್ನು ಹೊಡೆದುರುಳಿಸುತ್ತಾಳೆ. ಬಟ್ಟೆ ಬಲವೋ ಕವಚ ಬಲವೋ?

ಸಿಪಾಯಿಗಳ ಗುರಿ ತಪ್ಪುವ ವಿಷಯದಲ್ಲಿ ಮಾತ್ರ ವಕೀಲರ ವಾದ ಒಪ್ಪತಕ್ಕದ್ದೇ. "ಅವರು ಬೇಕೆಂದೇ ಬಿಟ್ಟದ್ದು ದೊಡ್ಡಮ್ಮ, ಹಡಗಿನ ಜಾಡು ಹಿಡಿಯೋದಕ್ಕೆ" ಎನ್ನುತ್ತಾನೆ ನಮ್ಮ ಹುಡುಗ. ನಿಜ, ಮೊದಲ ಚಿತ್ರದಲ್ಲಿ ಲೇಯಾಳೇ ಆ ಅನುಮಾನ ಪಡುತ್ತಾಳೆ. ಅದು ಸರಿಯೆಂದೂ ಗೊತ್ತಾಗುತ್ತದೆ. ಆದರೆ ಮುಂದಿನ ಚಿತ್ರಗಳಲ್ಲಿ ಜಾಡು ಹಿಡಿಯುವ ಕಾರಣ ಇಲ್ಲದಾಗಲೂ ಗುರಿ ಹಾಗೆಯೇ ತಪ್ಪುತ್ತ ಹೋಯಿತು.

ಬೆಳಕಿನ ಕತ್ತಿಯ ಕಥೆಯೂ ಇದೇ. 1977ರಲ್ಲಿ ಹೆಂಡದಂಗಡಿಯಲ್ಲಿ ಒಬ್ಬನ ತೋಳು ಕತ್ತರಿಸಿದಾಗ ನೆಲದ ಮೇಲೆ ರಕ್ತ ಕಾಣುತ್ತದೆ. 1980ರಲ್ಲಿ ಲೂಕ್‌ನ ಕೈ ಹೋದಾಗ ಒಂದು ತೊಟ್ಟೂ ಇಲ್ಲ. ಗಾಯ ಸುಟ್ಟು ಮುಚ್ಚಿಕೊಳ್ಳುತ್ತದೆಯೆಂಬುದು ಆಮೇಲಿನ ನಿಯಮವಾಯಿತು. 1999ರ ಚಿತ್ರದಲ್ಲಿ ಈ ಕತ್ತಿ ದಪ್ಪ ಉಕ್ಕಿನ ಬಾಗಿಲನ್ನು ಬೆಲ್ಲದ ಪಾಕದಂತೆ ಕರಗಿಸುತ್ತದೆ. ಅದೇ ಚಿತ್ರದ ಕೊನೆಗೆ ಅದೇ ಜಾತಿಯ ಕತ್ತಿ ಗುರುವಿನ ಒಡಲನ್ನು ತೂರಿ ಹೋದರೂ ಶಿಷ್ಯನಿಗೆ ಹೇಳಬೇಕಾದ ಕೊನೆಯ ಮಾತೆಲ್ಲ ಹೇಳಿ ಮುಗಿಸುವಷ್ಟು ಸಮಯ ಕೊಡುತ್ತದೆ. 2015ರಲ್ಲಿ ಫಿನ್ ಎಂಬ ಹುಡುಗನ ಬೆನ್ನನ್ನೇ ಸೀಳಿತು. ಮುಂದಿನ ಚಿತ್ರಕ್ಕೆ ಅವನು ಎದ್ದು ಕೂತ.

ಇವೆಲ್ಲ ಅಜಾಗರೂಕತೆ ಎಂದು ನಕ್ಕು ಬಿಡಬಹುದು. ಆದರೆ ಗ್ರೀಡೋನ ಪ್ರಕರಣ ಅಜಾಗರೂಕತೆಯಲ್ಲ. 1977ರ ಚಿತ್ರದಲ್ಲಿ ಗ್ರೀಡೋ ಎಂಬ ಬಾಡಿಗೆ ಬೇಟೆಗಾರ ಹಾನ್‌ನನ್ನು ಮೇಜಿನ ಎದುರು ಕೂರಿಸಿ ಪಿಸ್ತೂಲು ಹಿಡಿದಿದ್ದಾನೆ. ಹಾನ್ ಮಾತಾಡುತ್ತಲೇ ಮೇಜಿನ ಕೆಳಗಿಂದ ಹೊಡೆದು ಅವನನ್ನು ಕೊಲ್ಲುತ್ತಾನೆ. ಇದು ಆ ಮನುಷ್ಯನ ಸ್ವಭಾವ: ಜೀವ ಉಳಿಸಿಕೊಳ್ಳಲು ನ್ಯಾಯ ಅನ್ಯಾಯ ನೋಡದ ಕಳ್ಳಸಾಗಣೆಗಾರ. ಮುಂದೆ ಅವನು ಒಳ್ಳೆಯವನಾಗುತ್ತಾನೆ ಎಂಬುದರಲ್ಲಿ ಸ್ವಾರಸ್ಯವಿರುವುದೇ ಇದರಿಂದ. 1997ರಲ್ಲಿ ಚಿತ್ರವನ್ನು ಪರಿಷ್ಕರಿಸಿ ಮತ್ತೆ ಬಿಡುಗಡೆ ಮಾಡಿದಾಗ ಗ್ರೀಡೋ ಮೊದಲು ಹೊಡೆಯುವಂತೆ ಬದಲಾಯಿಸಿದರು. ಒಂದು ಮೇಜಿನ ಅಗಲ ದೂರದಿಂದ, ಕದಲದೆ ಕುಳಿತ ಮನುಷ್ಯನಿಗೆ ಗುರಿಯಿಟ್ಟು ಹೊಡೆದು ಅವನು ತಪ್ಪುತ್ತಾನೆ. ಆಮೇಲೆ ಹಾನ್ ಹೊಡೆಯುತ್ತಾನೆ. 2004ರಲ್ಲಿ ಮತ್ತೆ ತಿದ್ದಿ ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಹೊಡೆದಂತೆ ಮಾಡಿದರು. 2019ರಲ್ಲಿ ಇನ್ನೊಮ್ಮೆ ಕೈಯಾಡಿಸಿದರು. ನಾಯಕನ ಕೈ ಶುದ್ಧವಾಗಿರಬೇಕು ಎಂಬ ಒಂದೇ ಕಾರಣಕ್ಕೆ ಬೆಳಕನ್ನು ಬಗ್ಗಿಸಿದ್ದು ಇದು. ಗೆರೆಯನ್ನು ಆಮೇಲೆ ಬರೆಯುವುದರಲ್ಲಿ ಈ ಸೌಲಭ್ಯವಿದೆ, ಇಪ್ಪತ್ತು ವರ್ಷ ಕಳೆದ ಮೇಲೂ ಸಾಕ್ಷಿಯನ್ನು ತಿದ್ದಬಹುದು.

'ಸ್ಟಾರ್ ಟ್ರೆಕ್' ಬೇರೆ ಮನೆತನ. ಅಮೆರಿಕದ ಟಿ.ವಿ.ಯಲ್ಲಿ 1966ರಲ್ಲಿ ಆರಂಭವಾದ ಈ ಧಾರಾವಾಹಿಯನ್ನು ಎಂಬತ್ತರ ದಶಕದಲ್ಲಿ ನಮ್ಮ ದೂರದರ್ಶನವೂ ತೋರಿಸಿತ್ತು. ಚೂಪು ಕಿವಿಯ ಸ್ಪಾಕ್ ನಿಮಗೆ ನೆನಪಿರಬಹುದು. ಅವರ ಆಯುಧದ ಹೆಸರು ಫೇಸರ್. ಅದಕ್ಕೆ ನಮ್ಮ ಮಿಕ್ಸಿಯಂತೆ ಮಟ್ಟಗಳಿವೆ. ಕೆಳಗಿನದಕ್ಕಿಟ್ಟರೆ ಮೂರ್ಛೆ, ಮೇಲಿನದಕ್ಕಿಟ್ಟರೆ ಸಾವು, ಇನ್ನೂ ಮೇಲಕ್ಕೆ ತಿರುಗಿಸಿದರೆ ಮನುಷ್ಯ ಮಿಣಕ್ಕೆಂದು ಹೊಳೆದು ಮಾಯ. ಒಂದು ಕಂತಿನಲ್ಲಿ ಹೆಪ್ಪುಗಟ್ಟುವ ಚಳಿಯ ಗ್ರಹದ ಮೇಲೆ ಸಿಕ್ಕಿಬಿದ್ದವರು ಇದೇ ಫೇಸರ್‌ನಿಂದ ಬಂಡೆಗಳನ್ನು ಕಾಯಿಸಿ ಸುತ್ತ ಕೂತು ಮೈ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ಆಯುಧವನ್ನು ಒಲೆ ಮಾಡಿಕೊಂಡ ಆ ದೃಶ್ಯ ನನಗೆ ತುಂಬ ಇಷ್ಟ. ಕೊಲ್ಲುವುದಷ್ಟೇ ಅಲ್ಲ, ಬೇರೆ ಕೆಲಸಕ್ಕೂ ಬರುತ್ತದೆ ಎಂದಾಗ ವಸ್ತು ನಿಜವೆನ್ನಿಸುತ್ತದೆ.

ಆದರೆ ಆ ಮಾಯವಾಗುವುದಿದೆಯಲ್ಲ, ಅದನ್ನು ನೋಡಿದಾಗಲೆಲ್ಲ ನನಗೆ ಕಸಿವಿಸಿ. ಕಿರಣ ತಾಗಿದ ಮನುಷ್ಯ ಉಟ್ಟ ಬಟ್ಟೆ, ತೊಟ್ಟ ಬೂಟು, ಸೊಂಟದ ಪಟ್ಟಿಯ ಸಮೇತ ಇಲ್ಲವಾಗುತ್ತಾನೆ. ಅವನು ನಿಂತಿದ್ದ ನೆಲಕ್ಕೆ ಒಂದು ಕಲೆ ಇಲ್ಲ. ಒರಗಿದ್ದ ಗೋಡೆ ಬಿಸಿಯೂ ಆಗಿಲ್ಲ. ಇಷ್ಟು ಬಟ್ಟೆ, ಇಷ್ಟು ಬೂಟು, ಇಲ್ಲಿಗೆ ನಿಲ್ಲಬೇಕು ಎಂದು ಆ ಬೆಳಕಿಗೆ ಹೇಳಿದವರು ಯಾರು? ಮನೆಮಂದಿಯೆಲ್ಲ ಊಟಕ್ಕೆ ಕುಳಿತು ನೋಡುವ ಟಿ.ವಿ.ಗೆ ರಕ್ತವಿಲ್ಲದ ಸಾವು ಅನುಕೂಲವೆಂಬುದು ಅರ್ಥವಾಗುವ ಮಾತೇ. ಆದರೆ ಸಾವಾದ ಮನೆಯಲ್ಲಿ ಆಮೇಲೆ ಎಷ್ಟು ಕೆಲಸವಿರುತ್ತದೆಂದು ನಮಗೆ ಗೊತ್ತು. ಹೆಣ ತೊಳೆಯಬೇಕು, ಹೊರಗೆ ಹೊತ್ತ ಮೇಲೆ ಮನೆ ಸಾರಿಸಬೇಕು, ದೀಪ ಇಡಬೇಕು, ಬಂದವರಿಗೆ ಊಟದ ಏರ್ಪಾಡು ಆಗಬೇಕು, ಅಳುವವರನ್ನು ಹಿಡಿದುಕೊಂಡಿರಬೇಕು. ಆ ಕಿರಣ ಈ ಅಷ್ಟನ್ನೂ ಒಂದು ಕ್ಷಣದಲ್ಲಿ ಉಳಿಸಿಬಿಡುತ್ತದೆ. ಸತ್ತವನಿಗೆ ತಾಯಿಯಿದ್ದಳೇ ಎಂದು ಕೇಳುವ ಹೊಣೆಯಿಂದ ಕಥೆ ಪಾರಾಗುತ್ತದೆ. ಕೆಂಪು ಅಂಗಿಯ ಹೆಸರಿಲ್ಲದ ಹುಡುಗ ಗ್ರಹದ ಮೇಲೆ ಇಳಿದು ಹತ್ತು ನಿಮಿಷದಲ್ಲಿ ಸತ್ತರೆ ಕೊನೆಯ ದೃಶ್ಯದಲ್ಲಿ ಹಡಗಿನವರು ಸ್ಪಾಕ್‌ನನ್ನು ಗೇಲಿ ಮಾಡಿ ನಗುತ್ತಿರುತ್ತಾರೆ. ಎಲ್ಲ ಕಂತುಗಳೂ ಹಾಗಲ್ಲ. ಆದರೆ ಹಾಗಿರುವವು ಸಾಕಷ್ಟಿವೆ.

ಬೇಕೆಂದರೆ ಇದೇ ಆಯುಧವನ್ನು ಕಟ್ಟುನಿಟ್ಟಾಗಿ ಬಳಸಬಹುದು ಎಂಬುದಕ್ಕೆ ಇದೇ ಮನೆತನದ 1991ರ ಆರನೆಯ ಚಿತ್ರ ಸಾಕ್ಷಿ. ನಿಕೊಲಸ್ ಮೇಯರ್ ನಿರ್ದೇಶಿಸಿದ್ದು. ಶಾಂತಿಯ ಮಾತುಕತೆಗೆ ಬಂದ ಕ್ಲಿಂಗಾನರ ನಾಯಕನನ್ನು ಅವನ ಹಡಗಿನಲ್ಲೇ ಇಬ್ಬರು ಮುಸುಕುಧಾರಿಗಳು ಕೊಲ್ಲುತ್ತಾರೆ. ಭಾರ ಇಲ್ಲವಾದ ಆ ಹಡಗಿನಲ್ಲಿ ಗಾಯಗಳಿಂದ ಹೊರಟ ರಕ್ತ ನೇರಳೆ ಗುಳ್ಳೆಗಳಾಗಿ ತೇಲುತ್ತದೆ. ಈ ಸಲ ಯಾರೂ ಮಾಯವಾಗುವುದಿಲ್ಲ. ನಾಯಕನ ಎದೆಯ ಗಾಯವನ್ನು ಹಿಡಿದು ಶತ್ರುಪಕ್ಷದ ವೈದ್ಯನೇ ಅವನನ್ನು ಉಳಿಸಲು ಹೆಣಗುತ್ತಾನೆ, ಉಳಿಸಲಾಗುವುದಿಲ್ಲ. ಕೊಲೆಗಾರರು ತಮ್ಮ ಹಡಗಿನವರೇ ಇರಬೇಕೆಂಬ ಅನುಮಾನ ಬಂದು, ರಕ್ತ ಮೆತ್ತಿದ ಅವರ ಬೂಟುಗಳಿಗಾಗಿ ಹುಡುಕಾಟ ನಡೆಯುತ್ತದೆ. ಆಗ ಒಬ್ಬ ಕೇಳುತ್ತಾನೆ: ಆ ಬೂಟುಗಳನ್ನು ಫೇಸರ್‌ನಿಂದ ಮಾಯ ಮಾಡಿಬಿಡಬಹುದಿತ್ತಲ್ಲ? ಬಾಗಿಲಲ್ಲಿ ಸೌಟು ಹಿಡಿದು ನಿಂತ ನಾವು ಕೇಳಬೇಕಾದ ಪ್ರಶ್ನೆ ಅದು! ಆ ಮಾತು ನಡೆಯುವುದೂ ಹಡಗಿನ ಅಡಿಗೆಮನೆಯಲ್ಲೇ. ಒಬ್ಬಳು ಹೆಣ್ಣು ಅಧಿಕಾರಿ ಫೇಸರ್ ತೆಗೆದು ಅಲ್ಲಿದ್ದ ಒಂದು ಪಾತ್ರೆಗೆ ಹೊಡೆಯುತ್ತಾಳೆ. ಪಾತ್ರೆ ಮಾಯ, ತಕ್ಷಣ ಹಡಗಿನ ತುಂಬ ಅಪಾಯದ ಗಂಟೆ ಹೊಡೆದುಕೊಳ್ಳುತ್ತದೆ. ಅಪ್ಪಣೆಯಿಲ್ಲದೆ ಹಡಗಿನೊಳಗೆ ಹಾಗೆ ಹಾರಿಸಿದರೆ ಎಲ್ಲರಿಗೂ ತಿಳಿದುಹೋಗುತ್ತದೆ. ಆದ್ದರಿಂದ ಬೂಟು ಇನ್ನೂ ಇಲ್ಲೇ ಎಲ್ಲೋ ಇದೆ. ಮುಂದೆ ಆ ಕೊಲೆಗಾರರಿಬ್ಬರೂ ಹೆಣವಾಗಿ ಸಿಗುತ್ತಾರೆ. ಮೂರ್ಛೆಯ ಮಟ್ಟಕ್ಕೇ ಇಟ್ಟು, ತೀರ ಹತ್ತಿರದಿಂದ ಹೊಡೆದು ಕೊಂದಿದ್ದಾರೆ. ಹಾಗಾಗಿ ಗಂಟೆ ಬಾರಿಸಲಿಲ್ಲ. ನಿಯಮವೊಂದನ್ನು ಹೇಳಿ, ಅದನ್ನು ಪಾಲಿಸಿದ್ದರಿಂದಲೇ ಪತ್ತೇದಾರಿ ಹುಟ್ಟಿತು ನೋಡಿ. ಹಿಂದಿನ ಕಂತುಗಳಲ್ಲಿ ಇದೇ ಹೆಸರಿನ ಹಡಗಿನೊಳಗೆ ಎಷ್ಟೋ ಸಲ ಫೇಸರ್ ಹಾರಿತ್ತು, ಆಗೆಲ್ಲ ಗಂಟೆ ನಿದ್ದೆ ಹೋಗಿತ್ತು ಎಂದು ನಮ್ಮ ಹುಡುಗ ನೆನಪಿಸುತ್ತಾನೆ. ಇರಲಿ. ಒಂದು ಚಿತ್ರ ತನ್ನ ಎರಡು ಗಂಟೆಯೊಳಗೆ ಪ್ರಾಮಾಣಿಕವಾಗಿದ್ದರೆ ನನಗೆ ಸಾಕು.

ನಾವು ಹೀಗೆ ನಿಯಮ ಕೇಳುವುದು ಪರದೇಶದ ಸಿನಿಮಾ ನೋಡಿ ಕಲಿತದ್ದಲ್ಲ. ಅಸ್ತ್ರಗಳ ಕಥೆ ಕೇಳಿ ಬೆಳೆದವರು ನಾವು. ಇಂದ್ರ ಕೊಟ್ಟ ಶಕ್ತ್ಯಾಯುಧ ಒಂದೇ ಸಲ. ಕರ್ಣ ಅದನ್ನು ಅರ್ಜುನನಿಗೆಂದು ಕಾದಿಟ್ಟಿದ್ದ. ಘಟೋತ್ಕಚನ ಮೇಲೆ ಬಿಡಬೇಕಾಗಿ ಬಂತು, ಕೈ ಬರಿದಾಯಿತು. ಘಟೋತ್ಕಚನ ಸಾವು ಅರ್ಜುನನ ಉಳಿವಾದದ್ದು ಆ ಒಂದು ನಿಯಮದಿಂದ. ನಾರಾಯಣಾಸ್ತ್ರ ಬಂದರೆ ಆಯುಧ ಕೆಳಗಿಟ್ಟವನನ್ನು ಸುಡುವುದಿಲ್ಲ, ಎದುರಿಸಿದವನನ್ನು ಬಿಡುವುದಿಲ್ಲ, ಭೀಮನಾದರೂ ಅಷ್ಟೆ. ಬಿಟ್ಟ ಅಸ್ತ್ರವನ್ನು ಹಿಂದಕ್ಕೆ ಕರೆಯಲು ಅರ್ಜುನನಿಗೆ ಬರುತ್ತದೆ, ಅಶ್ವತ್ಥಾಮನಿಗೆ ಬರುವುದಿಲ್ಲ. ಅದರ ಫಲವನ್ನು ಉಣ್ಣಬೇಕಾಗಿ ಬಂದದ್ದು ಗರ್ಭಿಣಿ ಉತ್ತರೆ. ಪರಶುರಾಮನ ಶಾಪ ಅತ್ಯಂತ ಬೇಕಾದ ಹೊತ್ತಿಗೇ ಕರ್ಣನಿಗೆ ಫಲಿಸುತ್ತದೆ. ಕಥೆ ಹೇಳುವವರಿಗೆ ಅವನ ಮೇಲೆ ಎಷ್ಟೇ ಮಮತೆಯಿದ್ದರೂ ಅದನ್ನು ತಪ್ಪಿಸಲಿಲ್ಲ. ರಮಾನಂದ ಸಾಗರರ 'ರಾಮಾಯಣ' 1987ರಲ್ಲಿ ಭಾನುವಾರ ಬೆಳಗ್ಗೆ ಬರುತ್ತಿದ್ದಾಗ ಎರಡು ಬಾಣ ಆಕಾಶದಲ್ಲಿ ಮುಖಾಮುಖಿಯಾಗಿ ನಿಂತು ಕಿಡಿ ಕಾರುವುದನ್ನು ಕಂಡು ಕಾನ್ವೆಂಟಿನ ಮಕ್ಕಳು ನಕ್ಕರು. ಬೆಂಕಿಗೆ ಮಳೆ, ಹಾವಿಗೆ ಗರುಡ ಎಂಬ ಲೆಕ್ಕ ಆ ಬಾಣಗಳಿಗೆ ಇತ್ತು. ಅಜ್ಜಿಯರಿಗೆ ಆ ಲೆಕ್ಕ ಬಾಯಿಪಾಠ. ಅವರು ನಗಲಿಲ್ಲ.

ಹಾಗೆಂದು ಲೆಕ್ಕ ತಪ್ಪಿದ ಕಿರಣವೆಲ್ಲ ಸುಳ್ಳು ಎನ್ನಲೂ ಆಗುವುದಿಲ್ಲ. ಎಚ್. ಜಿ. ವೆಲ್ಸ್ 1898ರಲ್ಲಿ ಪುಸ್ತಕವಾಗಿ ಪ್ರಕಟಿಸಿದ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಕಾದಂಬರಿಯಲ್ಲಿ ಮಂಗಳಗ್ರಹದವರ ಶಾಖಕಿರಣ ಕಣ್ಣಿಗೆ ಕಾಣುವುದೇ ಇಲ್ಲ. ಅದು ಹಾದ ಕಡೆ ಮರ, ಮನೆ, ಮನುಷ್ಯ ಎಲ್ಲವೂ ಒಂದೇ ಸಮನೆ ಹೊತ್ತಿಕೊಳ್ಳುತ್ತವೆ. ಬಿಳಿ ಬಾವುಟ ಹಿಡಿದು ಮಾತಾಡಲು ಹೋದವರೇ ಮೊದಲು ಸಾಯುವವರು. ಲೇಸರ್ ಹುಟ್ಟುವುದಕ್ಕೆ 62 ವರ್ಷ ಮೊದಲೇ ಆತ ಅದನ್ನು ಎಷ್ಟು ಸರಿಯಾಗಿ ಊಹಿಸಿದ್ದ! 1953ರ ಚಿತ್ರದಲ್ಲಿ ಆ ಬಾವುಟದವರು ನಿಂತ ಜಾಗದಲ್ಲಿ ಮನುಷ್ಯಾಕಾರದ ಬೂದಿ ಉಳಿಯುತ್ತದೆ. 2005ರಲ್ಲಿ ಸ್ಪೀಲ್‌ಬರ್ಗ್ ಮತ್ತೆ ಇದನ್ನು ತೆಗೆದಾಗ ಕಿರಣ ಇನ್ನೂ ವಿಚಿತ್ರವಾಯಿತು. ತಾಗಿದವರು ಬೂದಿಯಾಗಿ ಒಡೆದುಹೋಗುತ್ತಾರೆ, ಅವರ ಬಟ್ಟೆಗಳು ಮಾತ್ರ ಸುಡದೆ ಗಾಳಿಯಲ್ಲಿ ಹಾರುತ್ತವೆ. ಮುಂದೊಂದು ಕಡೆ ಮರಗಳ ನಡುವೆ ಖಾಲಿ ಅಂಗಿಗಳು ಎಲೆಯುದುರಿದ ಹಾಗೆ ಉದುರುತ್ತವೆ. ಒಳಗಿನ ಮೈಯನ್ನು ಬೂದಿ ಮಾಡಿದ ಶಾಖ ಹೊರಗಿನ ಹತ್ತಿಯನ್ನು ಬಿಟ್ಟೀತೆ? ಲೆಕ್ಕದಲ್ಲಿ ಇದು ಫೇಸರ್‌ಗಿಂತಲೂ ದೊಡ್ಡ ತಪ್ಪು.

ಆದರೂ ನಾನು ಇದನ್ನು ಆ ಗುಂಪಿಗೆ ಸೇರಿಸಲಾರೆ. ಓಡಿ ಮನೆ ಸೇರಿದ ಆ ತಂದೆಯ ತಲೆ, ಮುಖ, ಅಂಗಿಯ ಮೇಲೆಲ್ಲ ಬೂದು ಬಣ್ಣದ ಪುಡಿ. ಮಗಳು ಅದೇನೆಂದು ಕೇಳುತ್ತಾಳೆ. ಅವನಿಗೆ ಉತ್ತರ ಹೊರಡುವುದಿಲ್ಲ. ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡಾಗ ಅದು ಯಾರು ಯಾರ ಬೂದಿಯೆಂದು ಹೊಳೆದು, ಹುಚ್ಚನಂತೆ ಕೊಡವಿಕೊಳ್ಳುತ್ತಾನೆ. 2001ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಬೀದಿಗಳಲ್ಲಿ ಬೂದಿ ಮೆತ್ತಿಕೊಂಡು ನಡೆದವರನ್ನು ಟಿ.ವಿ.ಯಲ್ಲಿ ಕಂಡವರಿಗೆ ಬೇರೆ ವಿವರಣೆ ಬೇಡ. ಇಲ್ಲಿ ಹೆಸರಿಲ್ಲದವರು ಒಂದು ಕಲೆಯೂ ಇಲ್ಲದಂತೆ ಮಾಯವಾಗುವುದಿಲ್ಲ. ಬದುಕಿದವನ ಮೈಗೆ ಮೆತ್ತಿಕೊಂಡು ಮನೆಯೊಳಗೆ ಬರುತ್ತಾರೆ. ಅವರ ಬಟ್ಟೆ ಇನ್ನೂ ಯಾರೋ ಒಗೆದು ಮಡಿಸಿದ ಬಟ್ಟೆಯಾಗಿಯೇ ಉಳಿದಿರುತ್ತದೆ. ವಿಜ್ಞಾನಕ್ಕೆ ದ್ರೋಹ ಮಾಡಿದರೂ ಸತ್ತವರಿಗೆ ಮಾಡಲಿಲ್ಲ. ಆದರೆ ಊರಿನ ವಿದ್ಯುತ್ ಯಂತ್ರಗಳೆಲ್ಲ ಕೆಟ್ಟು ನಿಂತ ಹೊತ್ತಿನಲ್ಲಿ ಒಬ್ಬನ ವಿಡಿಯೋ ಕ್ಯಾಮರಾ ಮಾತ್ರ ಆರಾಮಾಗಿ ನಡೆಯುವುದನ್ನು ನಾನು ಕ್ಷಮಿಸುವುದಿಲ್ಲ. ಅದು ಬರೀ ನಿರ್ಲಕ್ಷ್ಯ.

ನಾನು ಎಲ್ಲರಿಗೂ ನೋಡಿ ಎಂದು ಹೇಳುವ ಚಿತ್ರ 1956ರ 'ಫರ್ಬಿಡನ್ ಪ್ಲಾನೆಟ್'. ಬಣ್ಣ ಹಳೆಯದು, ಹುಡುಗಿಯ ಲಂಗಗಳು ಅನಗತ್ಯವಾಗಿ ಗಿಡ್ಡ, ಹಡಗಿನ ಗಂಡಸರ ಹಾಸ್ಯ ಹಳಸಿದ್ದು. ಆದರೆ ಆಯುಧದ ವಿಷಯದಲ್ಲಿ ಅಷ್ಟು ಶಿಸ್ತು ನಾನು ಬೇರೆ ಕಡೆ ಕಂಡಿಲ್ಲ. ದೂರದ ಗ್ರಹವೊಂದರಲ್ಲಿ ಮಾರ್ಬಿಯಸ್ ಎಂಬ ಪಂಡಿತ ಮಗಳು ಆಲ್ಟೈರಾಳೊಂದಿಗೆ ಇದ್ದಾನೆ. ಮನೆಗೆಲಸಕ್ಕೆ ರಾಬಿ ಎಂಬ ಯಂತ್ರಮಾನವ. ಅಡಿಗೆಯಿಂದ ಹಿಡಿದು ಹುಡುಗಿಗೆ ಬಟ್ಟೆ ಹೊಲಿದು ಕೊಡುವವರೆಗೆ ಎಲ್ಲ ಅವನದೇ. ಭೂಮಿಯಿಂದ ಬಂದ ಕ್ಯಾಪ್ಟನ್‌ಗೆ ಮಾರ್ಬಿಯಸ್ ಒಂದು ಪ್ರಯೋಗ ತೋರಿಸುತ್ತಾನೆ. ರಾಬಿಯ ಕೈಗೆ ಕ್ಯಾಪ್ಟನ್‌ನದೇ ಬೆಳಕಿನ ಪಿಸ್ತೂಲು ಕೊಟ್ಟು ಹೊರಗಿನ ಗಿಡಕ್ಕೆ ಹೊಡೆ ಎನ್ನುತ್ತಾನೆ. ಗಿಡ ಮಾಯ. ಈಗ ಈ ಮನುಷ್ಯನ ಹಣೆಗೆ ಹೊಡೆ ಎನ್ನುತ್ತಾನೆ. ರಾಬಿ ಕಲ್ಲಾಗುತ್ತಾನೆ, ಗಾಜಿನ ತಲೆಯೊಳಗೆ ಕಿಡಿಗಳು ಸಿಡಿಯತೊಡಗುತ್ತವೆ. ಯಜಮಾನನ ಅಪ್ಪಣೆ ಒಂದು ಕಡೆ, ಮನುಷ್ಯಜೀವಕ್ಕೆ ಹಾನಿ ಮಾಡಬಾರದೆಂಬ ಹುಟ್ಟುಕಟ್ಟಳೆ ಒಂದು ಕಡೆ. ಅಪ್ಪಣೆ ಹಿಂತೆಗೆದುಕೊಳ್ಳದಿದ್ದರೆ ಅವನು ಸುಟ್ಟುಹೋಗುತ್ತಾನೆ. ಮಾರ್ಬಿಯಸ್ ಹಿಂತೆಗೆದುಕೊಳ್ಳುತ್ತಾನೆ. ನಾವು ನಗುತ್ತೇವೆ, ಮರೆಯುತ್ತೇವೆ.

ಆಮೇಲೆ ಆಲ್ಟೈರಾಳ ಸಾಕುಹುಲಿ ಅವಳ ಮೇಲೇ ಹಾರಿದಾಗ ಕ್ಯಾಪ್ಟನ್ ಅದೇ ಪಿಸ್ತೂಲಿನಿಂದ ಅದನ್ನು ಗಾಳಿಯಲ್ಲೇ ಇಲ್ಲವಾಗಿಸುತ್ತಾನೆ. ರಾತ್ರಿ ಕಣ್ಣಿಗೆ ಕಾಣದ ಒಂದು ಭೂತ ಹಡಗಿನ ಬೇಲಿಗೆ ಬಂದಾಗ ಎಲ್ಲರೂ ಕೂಡಿ ಹೊಡೆದರೂ ಅದಕ್ಕೆ ಏನೂ ಆಗುವುದಿಲ್ಲ. ಇದೇನು, ಮತ್ತೆ ಮುಖ ನೋಡಿ ಸುಡುವ ಬೆಳಕೇ ಎಂದು ನಾವು ಹುಬ್ಬು ಗಂಟಿಕ್ಕುವಾಗಲೇ ಕಾರಣ ತಿಳಿಯುತ್ತದೆ. ನೆಲದಡಿಯ ಅಗಾಧ ಯಂತ್ರದಿಂದ ಶಕ್ತಿ ಪಡೆದು ಅದು ಸುಟ್ಟಷ್ಟೂ ಮತ್ತೆ ಮೈ ತಳೆಯುತ್ತಿದೆ. ಆ ಭೂತ ಎಲ್ಲಿಂದ ಬಂತೆಂಬುದು ಮಾರ್ಬಿಯಸ್‌ನಿಗೂ ಗೊತ್ತಿಲ್ಲ.

ಕೊನೆಗೆ ಅದು ಅವನ ಮನೆಗೇ ಬರುತ್ತದೆ. ಮಗಳು ತಂದೆಯ ಇಷ್ಟಕ್ಕೆ ವಿರುದ್ಧವಾಗಿ ಕ್ಯಾಪ್ಟನ್‌ನ ಜೊತೆ ಹೊರಡಲು ನಿಂತಿದ್ದಾಳೆ. ಹೊರಗೆ ಭೂತ ತೋಟವನ್ನು ತುಳಿಯುತ್ತ ಬರುತ್ತಿದೆ. ಮಾರ್ಬಿಯಸ್ ರಾಬಿಗೆ ಅದನ್ನು ಕೊಲ್ಲು ಎಂದು ಆಜ್ಞೆ ಮಾಡುತ್ತಾನೆ. ರಾಬಿ ಕಲ್ಲಾಗಿ ನಿಲ್ಲುತ್ತಾನೆ. ತಲೆಯೊಳಗೆ ಅವೇ ಕಿಡಿಗಳು. ಹೊರಗಿರುವುದು ಬೇರೆ ಯಾರೂ ಅಲ್ಲ, ನಿನ್ನದೇ ಇನ್ನೊಂದು ರೂಪ, ಆದ್ದರಿಂದಲೇ ಅವನಿಂದ ಆಗುತ್ತಿಲ್ಲ ಎಂದು ಕ್ಯಾಪ್ಟನ್ ಹೇಳುತ್ತಾನೆ. ಆ ಪಂಡಿತ ತನ್ನ ಮಗಳ ಮುಖವನ್ನೂ, ಉರಿಯುತ್ತಿರುವ ಆ ಯಂತ್ರದ ತಲೆಯನ್ನೂ ನೋಡುತ್ತಾನೆ.